ನೊಣದ ರೆಕ್ಕೆ

ನಾಲ್ಕನೆಯ ಶಾಲೆಯ ಮೈಕ್ರೋಸ್ಕೋಪಿನಲ್ಲೂ ಅದೇ ನೊಣದ ರೆಕ್ಕೆ! ನಿಂತಲ್ಲೇ ಕನಸು ಕಾಣುತ್ತಿದ್ದೇನೋ ಎನ್ನಿಸಿತು ಇನ್‌ಸ್ಪೆಕ್ಟರಮ್ಮನಿಗೆ. ಸೋಮವಾರ ಮೊದಲ ಶಾಲೆಯಲ್ಲಿ ಕಂಡದ್ದೂ ಇದೇ, ತುದಿ ಚೂರು ಹರಿದದ್ದು, ಬೆಳಕಿನಲ್ಲಿ ತೇಲುತ್ತಿದ್ದದ್ದು. ಮೂರು ದಿನದಿಂದ ಕಣ್ಣು ಮುಚ್ಚಿದರೆ ಸಾಕು, ರೆಪ್ಪೆಯೊಳಗೆ ಬಂದು ಕೂತುಬಿಡುತ್ತಿತ್ತು ಹಾಳಾದ್ದು.

ಐದು ಸರ್ಕಾರಿ ಶಾಲೆಗಳನ್ನು ತೂಗಿ ನೋಡಿ ಬಾ ಎಂದು ಅವಳನ್ನು ಕಳಿಸಿದ್ದರು. ಕಾಗದದ ಮೇಲೆ ಐದಕ್ಕೂ ಒಂದೊಂದು ಮೈಕ್ರೋಸ್ಕೋಪು. ಆದರೂ ವಿಜ್ಞಾನದಲ್ಲಿ ಐದನೆಯ ಶಾಲೆಯ ಮಕ್ಕಳು ಎಂಬತ್ತು ದಾಟುತ್ತಿದ್ದರು, ಉಳಿದವರು ಮೂವತ್ತೈದಕ್ಕೇ ಏದುಸಿರು ಬಿಡುತ್ತಿದ್ದರು. ಸಲಕರಣೆ ಸಮ ಇದ್ದ ಮೇಲೆ ತಪ್ಪು ಮೇಷ್ಟರುಗಳದ್ದೇ ತಾನೆ? ನಾಲ್ವರನ್ನೂ ಎತ್ತಂಗಡಿ ಮಾಡುವುದೆಂದು ಮೇಲಿನವರು ಆಗಲೇ ತೀರ್ಮಾನಿಸಿದ್ದರು. ಇವಳ ಸಹಿಯೊಂದು ಬಾಕಿ. ಸಾಲದ್ದಕ್ಕೆ ಈ ನಾಲ್ಕನೆಯ ಶಾಲೆಯದೇ ಹುಡುಗಿಯೊಬ್ಬಳ ಉತ್ತರಪತ್ರಿಕೆಯೂ ಫೈಲಿನಲ್ಲಿತ್ತು. ಮೈಕ್ರೋಸ್ಕೋಪಿನ ಚಿತ್ರ ಬರೆ ಎಂದರೆ ಪುಣ್ಯಾತ್ಗಿತ್ತಿ ಟವೆಲಿನ ಗಂಟೊಂದನ್ನು ಬರೆದಿದ್ದಳು. ಪಕ್ಕದಲ್ಲಿ ಕೆಂಪು ಸೊನ್ನೆ. ಕಚೇರಿಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಇನ್‌ಸ್ಪೆಕ್ಟರಮ್ಮನೂ ನಕ್ಕಿದ್ದಳು.

"ಈ ರೆಕ್ಕೆ ನನ್ ಹಿಂದೇನೇ ಊರೂರು ಸುತ್ತುತ್ತಿದೆಯಲ್ಲ ಮೇಷ್ಟ್ರೇ?" ಎಂದಳು.

ಮೇಷ್ಟರ ಮುಖ ಸಪ್ಪಗಾಯಿತು. ಎಲ್ಲವನ್ನೂ ಹೇಳಿಬಿಟ್ಟರು. ಯಂತ್ರ ಇರುವುದು ಐದನೆಯ ಶಾಲೆಯಲ್ಲಿ, ಇರುವುದೂ ಒಂದೇ. ತನಿಖೆ ಬಂತೆಂದರೆ ಅದು ಟವೆಲು ಸುತ್ತಿಕೊಂಡು ಇವಳಿಗಿಂತ ಒಂದು ಬಸ್ಸು ಮುಂಚೆ ಬಂದಿಳಿಯುತ್ತದೆ, ಆಯಾ ಶಾಲೆಯ ಚೀಟಿ ಅಂಟಿಸಿಕೊಳ್ಳುತ್ತದೆ. ಈ ಸಲ ಚೀಟಿ ಬದಲಾಯಿಸಿದವರಿಗೆ ಒಳಗಿನ ರೆಕ್ಕೆ ನೆನಪಾಗಿರಲಿಲ್ಲ. ಇಲ್ಲ ಎಂದು ಬರೆದರೆ ಶಾಲೆಯ ಮರ್ಯಾದೆ ಏನಾಗಬೇಕು ಎಂದು ನಾಲ್ಕೂ ಶಾಲೆಯವರು ಇಪ್ಪತ್ತು ವರ್ಷದಿಂದ ಇದೆ ಎಂದೇ ಬರೆಯುತ್ತ ಬಂದಿದ್ದರಂತೆ.

"ಇದೆ ಅಂತ ಬರೆದಿದ್ದಕ್ಕೇ ಅಲ್ವಾ, ಯಾರೂ ಕೊಡದೇ ಇದ್ದಿದ್ದು!" ಅವಳಿಗೆ ಸಿಟ್ಟು ಬಂತು, ಬೆನ್ನಿಗೇ ಸಂಕಟವೂ ಆಯಿತು. "ಮಕ್ಕಳಾದ್ರೂ ಇದನ್ನ ನೋಡಿದಾರಾ?"

"ಒಡೆದುಹೋದ್ರೆ ಅನ್ನೋ ಭಯ ಮೇಡಂ. ಗಂಟು ಬರೋದು ನೋಡಿರ್ತಾರೆ, ಗಂಟು ಹೋಗೋದು ನೋಡಿರ್ತಾರೆ. ಅಷ್ಟೇ."

ಇನ್‌ಸ್ಪೆಕ್ಟರಮ್ಮ ಮಕ್ಕಳನ್ನೆಲ್ಲ ಕರೆಸಿ ಸಾಲು ಹಚ್ಚಿಸಿದಳು. ಒಂದೊಂದೇ ಕಣ್ಣು ಬಗ್ಗಿತು. ಗಲಾಟೆಯಿಲ್ಲ, ತಳ್ಳಾಟವಿಲ್ಲ; ನೋಡಿ ಎದ್ದವರು ಆಗಷ್ಟೇ ನಿದ್ದೆಯಿಂದ ಎದ್ದವರ ಹಾಗೆ ಮೆಲ್ಲಗೆ ನಡೆದು ಹೋಗಿ ಮತ್ತೆ ಸಾಲಿನ ಕೊನೆಗೆ ನಿಲ್ಲುತ್ತಿದ್ದರು. ಸಂಜೆಯ ಬಸ್ಸು ಹಾರನ್ ಹೊಡೆದು ಹೊರಟುಹೋಯಿತು.

ಅವಳು ಫೈಲು ಬಿಚ್ಚಿ, ಎತ್ತಂಗಡಿ ಕಾಗದವನ್ನು ಸಹಿ ಹಾಕದೆ ಪಕ್ಕಕ್ಕಿಟ್ಟಳು. ಗಂಟಿನ ಚಿತ್ರದ ಪಕ್ಕದ ಸೊನ್ನೆ ಹೊಡೆದುಹಾಕಿ ಪೂರ್ತಿ ಅಂಕ ಕೊಟ್ಟಳು. ಆಮೇಲೆ ಆ ಸೊನ್ನೆಯನ್ನು ಸಲಕರಣೆಗಳ ಪಟ್ಟಿಯಲ್ಲಿ ನಾಲ್ಕೂ ಶಾಲೆಗಳ ಮೈಕ್ರೋಸ್ಕೋಪಿನ ಮುಂದೆ ದುಂಡಗೆ ಬರೆದಳು.