ಚಿನ್ನದ ಹಸುವಿಗೆ ಒಂಟಿ ಸೀನು

ಮೊಬೈಲ್ ಆಟದಲ್ಲಿ ದಿನಕ್ಕೊಮ್ಮೆ ಚಕ್ರ ತಿರುಗಿಸಬಹುದು. ಅದೃಷ್ಟವಿದ್ದರೆ ಚಿನ್ನದ ಹಸು ಸಿಗುತ್ತದೆ. ಇಂಚರಾಳ ಗೆಳತಿಯರಿಗೆಲ್ಲ ಸಿಕ್ಕಿತ್ತು, ಅವಳಿಗೆ ಮಾತ್ರ ಇಲ್ಲ. ಅವಳೂ ಅಜ್ಜಿಯೂ ಸೇರಿ ಉಪಾಯಗಳನ್ನು ಪರೀಕ್ಷಿಸತೊಡಗಿದರು. ಒಂದು ದಿನ ಪೂರ್ವಕ್ಕೆ ಮುಖ ಮಾಡಿ ಒತ್ತಿದರು, ಇನ್ನೊಂದು ದಿನ ಕಣ್ಣು ಮುಚ್ಚಿ ಒತ್ತಿದರು. ಹಸು ಬರಲಿಲ್ಲ.

ಮರುದಿನ ಒತ್ತುವ ಹೊತ್ತಿಗೆ ಸರಿಯಾಗಿ ಅಜ್ಜ ಸೀನಿದರು.

"ಒಂಟಿ ಸೀನು ಕಣ್ರೀ, ಅಪಶಕುನ! ಸ್ವಲ್ಪ ಹೊರಗೆ ಹೋಗಿಬನ್ನಿ," ಎಂದರು ಅಜ್ಜಿ.

"ಮಗುಗೋಸ್ಕರ ತಾನೇ? ಹೋಗ್ತೀನಿ ಬಿಡು."

ಆಮೇಲೆ ದಿನವೂ ಸಂಜೆ ಅದೇ ಸೀನು, ಅದೇ ಮಾತು. ಸಕ್ಕರೆ ಕಾಯಿಲೆಯ ಮನುಷ್ಯ, ಮಂಡಿನೋವು ಬೇರೆ. ಆದರೂ ಗೊಣಗದೆ ಕೊಡೆ ಹಿಡಿದು ಬೀದಿಯ ಕೊನೆಯವರೆಗೆ ಹೋಗಿಬರುತ್ತಿದ್ದರು.

"ನಿಮ್ಮಜ್ಜನ ಮನಸ್ಸು ಎಷ್ಟು ದೊಡ್ಡದು ನೋಡೇ," ಎಂದು ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಕೊನೆಗೊಂದು ಸಂಜೆ ಹಸು ಬಂದೇ ಬಂತು. ತಿರುಗಾಟ ಮುಗಿಸಿ ಬಂದ ಅಜ್ಜನನ್ನು ಇಂಚರಾ ಬಾಗಿಲಲ್ಲೇ ತಬ್ಬಿಕೊಂಡಳು.

"ಗೆದ್ವಿ ಅಜ್ಜಾ! ನಾಳೆಯಿಂದ ನೀನು ಹೊರಗೆ ಹೋಗೋದೇ ಬೇಡ!"

ಅಜ್ಜನ ಮುಖ ಸಪ್ಪಗಾಯಿತು.

"ಬೆಳ್ಳಿ ಕುದುರೆ ಅಂತ ಇನ್ನೊಂದು ಇರಬೇಕಲ್ಲ, ಪುಟ್ಟಿ?" ಎಂದವರೇ ಜೋರಾಗಿ ಸೀನಿದರು. ಆ ರಭಸಕ್ಕೆ ಮೀಸೆಯಲ್ಲಿದ್ದ ಮೈಸೂರುಪಾಕಿನ ಪುಡಿಯೆಲ್ಲ ಅಜ್ಜಿಯ ಸೆರಗಿನ ಮೇಲೆ ಉದುರಿತು.