ಕರಡಿ ಬಾರದ ಆಟ

“ನಾಳೆಯಿಂದ ಗರಗಸಕ್ಕೆ ನಿಲ್ತೀನಿ ಅಕ್ಕಾ. ಮೇಸ್ತ್ರಿಗೆ ಫೋನ್ ಮಾಡಿ ಹೇಳಾಯ್ತು.” ತಮ್ಮ ಟೀವಿಯಿಂದ ಕಣ್ಣು ಕೀಳದೆ ಹೇಳಿದ. ಪರದೆಯ ಮೇಲೆ ಅವನ ಪೈಲ್ವಾನ ಅಕ್ಕನ ಹೆಣ್ಣಾಳನ್ನು ಆಗಷ್ಟೇ ನೆಲಕ್ಕೆ ಕೆಡವಿ, ಎರಡೂ ಕೈ ಮೇಲೆತ್ತಿ ನಿಂತಿದ್ದ.

ಅಕ್ಕ ಅವನತ್ತ ತಿರುಗಿದಳು. “ಡಾಕ್ಟರು ಇನ್ನೂ ಎರಡು ತಿಂಗಳು ಅಂದಿದ್ರಲ್ಲೋ?”

“ಡಾಕ್ಟರಿಗೇನು ಗೊತ್ತು? ಚಿಕ್ಕವನಿದ್ದಾಗ ನಿನ್ನ ಮೇಲೆ ಒಂದೇ ಒಂದಾಟ ಗೆದ್ದಿದ್ನಾ ನಾನು? ಈಗ ಮೂರು ವಾರದಿಂದ ದಿನಾ ಮಣ್ಣು ಮುಕ್ಕಿಸ್ತಿದೀನಿ. ಕೈ ಸರಿಹೋಗದೆ ಇದೆಲ್ಲ ಆಗುತ್ತಾ?”

ಸಾಮಿಲ್‌ನಲ್ಲಿ ಹಲಗೆಯೊಂದು ಹಿಂದಕ್ಕೆ ಚಿಮ್ಮಿ, ಅವನ ಬಲಗೈ ಬ್ಲೇಡಿಗೆ ಸಿಕ್ಕು ನಾಲ್ಕು ತಿಂಗಳಾಗಿತ್ತು. ಹೆಬ್ಬೆರಳು ಹೇಗೋ ಪಾರಾಗಿತ್ತು. ಉಳಿದ ನಾಲ್ಕು ಬೆರಳುಗಳ ನರಗಳನ್ನು ಹೊಲಿದು ಕೂಡಿಸಿದ್ದರು. ಹಿಸುಕುತ್ತಿರು ಎಂದು ಡಾಕ್ಟರು ಕೊಟ್ಟ ರಬ್ಬರ್ ಚೆಂಡನ್ನು ಗೋಡೆಗೆಸೆದು ಅವನು ಮಂಚ ಹಿಡಿದಾಗ, ಅಕ್ಕನೇ ಅಟ್ಟದಿಂದ ಹಳೇ ಟೀವಿ ಗೇಮ್ ಇಳಿಸಿದ್ದಳು. ಚಿಕ್ಕಂದಿನಲ್ಲಿ ಇಬ್ಬರೂ ‘ಮೃಗದಾಟ’ ಎಂದು ಕರೆಯುತ್ತಿದ್ದ ಕಾಳಗ ಅದು. ಕಾದಾಡುವವರೆಲ್ಲ ಮೊದಲಿಗೆ ಮನುಷ್ಯರೇ. ಪೆಟ್ಟು ತಿಂದು ಪರದೆಯ ಮೇಲಿನ ರೋಷದ ಪಟ್ಟಿ ತುಂಬಿದಾಗ ಒಬ್ಬೊಬ್ಬರೂ ಒಂದೊಂದು ಮೃಗವಾಗಬಹುದು. ಅಕ್ಕನದು ಚಿರತೆ, ತಮ್ಮನದು ಕರಡಿ.

ಮೊದಲ ದಿನ ಆಟ ಗೆದ್ದವನು ತಿಂಗಳುಗಳ ನಂತರ ನಕ್ಕಿದ್ದ, ಎರಡನೇ ಸಲ ಅನ್ನ ಹಾಕಿಸಿಕೊಂಡಿದ್ದ. ಔಷಧಿ ಅಂಗಡಿಯಲ್ಲಿ ಮಾತ್ರೆ ಎಣಿಸಿ ಕೊಡುವ ಕೈ ಅವಳದು. ಸೋಲನ್ನೂ ಹಾಗೇ ಅಳೆದು ಕೊಡತೊಡಗಿದಳು. ಒಂದು ದಿನ ಕೂದಲೆಳೆಯ ಸೋಲು, ಮರುದಿನ ಹೀನಾಯ ಸೋಲು, ಅನುಮಾನ ಬಾರದಿರಲಿ ಎಂದು ನಡುವೆ ಒಂದು ಗೆಲುವು. ಚಿರತೆಯಾಗುವುದನ್ನಂತೂ ಬಿಟ್ಟೇಬಿಟ್ಟಿದ್ದಳು. ಈಗ ಇನ್ನೊಂದು ಹೊಳೆಯಿತು. ಈ ಮೂರು ವಾರದಲ್ಲಿ ಅವನೂ ಒಮ್ಮೆಯೂ ಕರಡಿಯಾಗಿರಲಿಲ್ಲ. ಹೊಡೆಯಲು, ಒದೆಯಲು ಬಲಗೈ ಹೆಬ್ಬೆರಳೊಂದೇ ಸಾಕು. ಮೃಗವಾಗಬೇಕಾದರೆ ಮಾತ್ರ ಆಟದ ರಿಮೋಟಿನ ಬೆನ್ನಿಗೆ ಬಲಬದಿಯಲ್ಲಿರುವ ಎರಡು ಗುಂಡಿಗಳನ್ನು ಅದೇ ಕೈಯ ಮಿಕ್ಕ ಬೆರಳುಗಳಿಂದ ಒತ್ತಿ, ಬಿಡದೆ ಹಿಡಿದಿರಬೇಕು.

“ನೀನ್ಯಾಕೋ ಕರಡಿ ಆಗೋದೇ ಇಲ್ಲ?”

“ನಿನ್ನ ಹೊಡೆಯೋಕೆ ಕರಡಿ ಯಾಕೆ? ಗುಬ್ಬಿ ಮೇಲೆ ಬ್ರಹ್ಮಾಸ್ತ್ರನಾ?” ಅವನು ಗಹಗಹಿಸಿದ. ಆ ನಗುವಿನಲ್ಲಿ ಕಪಟವಿರಲಿಲ್ಲ. ತನ್ನ ಮಾತನ್ನು ತಾನೇ ಪೂರ್ತಿ ನಂಬಿದ್ದ.

ಬಾಯಲ್ಲಿ ಹೇಳಿದರೆ ಸೋತವಳ ಹೊಟ್ಟೆಕಿಚ್ಚು ಎನ್ನುತ್ತಾನೆ. ಹೇಳದೆ ಬಿಟ್ಟರೆ ನಾಳೆ ಬ್ಲೇಡೇ ಹೇಳುತ್ತದೆ. ಅಕ್ಕ ಅಂಗೈಯ ಬೆವರನ್ನು ಸೆರಗಿಗೆ ಒರೆಸಿಕೊಂಡು ರಿಮೋಟ್ ಎತ್ತಿಕೊಂಡಳು. “ಇನ್ನೊಂದಾಟ ಆಡೋಣ ಬಾ.”

“ಇನ್ನೂ ಬೇಕಾ ಒದೆ?”

“ಬೇಕು.”

ಟೀವಿಯಲ್ಲಿ ಆಟದ ಗಂಟೆ ಮೊಳಗಿತು. ಮೊದಲ ನಾಲ್ಕು ಏಟು ಅವನದೇ. ಐದನೆಯದಕ್ಕೆ ಪರದೆ ಬೆಳ್ಳಗೆ ಮಿಂಚಿ, ಹೆಣ್ಣಾಳು ಬೆನ್ನು ಬಾಗಿಸಿ ಚಿರತೆಯಾಗಿ ನೆಗೆಯಿತು. “ಓಹೋ, ನೆನಪಾಯ್ತಾ!” ಎಂದವನ ದನಿ ಅರ್ಧಕ್ಕೇ ನಿಂತಿತು. ಅವನು ಎದ್ದರೆ ಕೆಡವಿದಳು, ಹಿಂದೆ ಸರಿದರೆ ಮೂಲೆಗೆ ತಳ್ಳಿದಳು. ಅವನ ರೋಷದ ಪಟ್ಟಿ ತುಂಬಿ ಕೆಂಪಗೆ ಮಿಣುಕತೊಡಗಿತು. ಅಕ್ಕ ಹೊಡೆಯುವುದನ್ನು ನಿಲ್ಲಿಸಿದಳು.

“ಆಗೋ ಕರಡಿ.”

“ಬೇಡ.”

“ಆಗೋ. ಕಾಯ್ತೀನಿ.”

ಅವನು ತುಟಿ ಕಚ್ಚಿ ಒತ್ತಿದ. ಬೆರಳುಗಳು ಗುಂಡಿಗಳ ಮೇಲಿಂದ ಒದ್ದೆ ಸಾಬೂನಿನ ಮೇಲಿಂದ ಜಾರುವಂತೆ ಜಾರಿದವು. ಮತ್ತೆ ಒತ್ತಿದ. ರಿಮೋಟನ್ನು ಮೊಣಕಾಲಿಗೆ ಆನಿಸಿ ಒತ್ತಿದ. ಹಣೆಯ ನರ ಉಬ್ಬಿತು. ಪೈಲ್ವಾನ ಮನುಷ್ಯನಾಗಿಯೇ ನಿಂತಿದ್ದ. ಅಕ್ಕನ ಕಣ್ಣು ಮಂಜಾಯಿತು. ಆದರೂ ಕೊನೆಯ ಏಟು ಹಾಕಿದಳು.

ಟೀವಿ ಮಾತ್ರ ತನ್ನ ಪಾಡಿಗೆ ಗೆದ್ದವರ ವಾದ್ಯ ಬಾರಿಸುತ್ತಿತ್ತು.

“ಎಷ್ಟು ದಿನದಿಂದ ಸೋತು ಕೊಡ್ತಿದ್ದೆ?” ರಿಮೋಟನ್ನು ಕೆಳಗಿಟ್ಟು ಕೇಳಿದ.

“ಮೊದಲ ದಿನದಿಂದ.”

“ನಲವತ್ತೆಂಟು ಆಟ ಅಕ್ಕಾ. ಎಣಿಸಿ ಇಟ್ಕೊಂಡಿದ್ದೆ.”

“ನೀನು ಎದ್ದು ಕೂತ್ರೆ ಸಾಕಾಗಿತ್ತು ಕಣೋ ನನಗೆ...” ಅವಳ ಮಾತು ಮುಗಿಯುವ ಮೊದಲೇ ಅವನು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಅಂದು ಊಟಕ್ಕೆ ಏಳಲಿಲ್ಲ. ಅವಳೂ ಕರೆಯಲಿಲ್ಲ.

ಬೆಳಿಗ್ಗೆ ಅವನು ಸಾಮಿಲ್‌ನ ಖಾಕಿ ಅಂಗಿ ತೊಟ್ಟು ಹೊರಬಂದಾಗ ಅವಳು ಕೈಲಿದ್ದ ಲೋಟ ಕೆಳಗಿಟ್ಟಳು. “ಎಲ್ಲಿಗೋ?”

“ಎದುರಿಗೆ ನಿಂತು ಹೇಳ್ಬೇಕು ಮೇಸ್ತ್ರಿಗೆ. ಇನ್ನೆರಡು ತಿಂಗಳು ಆಗಲ್ಲ ಅಂತ. ಫೋನಲ್ಲಾದ್ರೆ ಮತ್ತೆ ಸುಳ್ಳು ಹೇಳಿಬಿಡ್ತೀನಿ.” ಅವಳ ಮುಖ ನೋಡಲಿಲ್ಲ. ಹೊಸಿಲು ದಾಟಿ, ಹಿಂದೆ ತಿರುಗಿ, ಬಾಗಿಲನ್ನು ಬಲಗೈಯಿಂದ ಎಳೆದುಕೊಂಡ.

ಬಾಗಿಲು ಗೇಣುದ್ದ ಉಳಿದು ನಿಂತಿತು. ಹಿಡಿ ಅವನ ಕೈಯಿಂದ ಜಾರಿತ್ತು. ಮುಚ್ಚಲೆಂದು ಅಕ್ಕ ಎದ್ದಳು; ಎದ್ದವಳು ನಿಂತಳು. ಸಂದಿಯಲ್ಲಿ ಅವನ ಬೆರಳುಗಳು ಮತ್ತೆ ಕಾಣಿಸಿಕೊಂಡವು, ಹಿಡಿಯನ್ನು ಸುತ್ತಿದವು, ಜಾರಿದವು. ಮತ್ತೆ ಸುತ್ತಿದವು. ಅಂಗಡಿಗೆ ಹೊತ್ತಾಗಿತ್ತು. ಅವಳು ಕುರ್ಚಿಯಲ್ಲಿ ಕೂತು, ಎರಡೂ ಕೈಗಳನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡು, ಬಾಗಿಲು ಮುಚ್ಚುವುದನ್ನೇ ಕಾಯತೊಡಗಿದಳು.