ಸೂಜಿಯಿಲ್ಲದ ಪದಕ

"ಹುಲುಗಪ್ಪನ ಪದಕದ ಹಿಂದಿನ ಸೂಜಿ ಕಿತ್ತು, ಮ್ಯಾಲೊಂದು ಕೊಂಡಿ ಹಚ್ಚಿಕೊಡು" ಎಂದು ಸೋದರ ಸಂಘದ ಕಾರ್ಯದರ್ಶಿ ಹಂಪಯ್ಯ ಹೇಳಿದಾಗ ಅಕ್ಕಸಾಲಿ ಮೋನಪ್ಪನಿಗೆ ಮೊದಲು ಅರ್ಥವೇ ಆಗಲಿಲ್ಲ. ಕೌಲ್ ಬಜಾರಿನ ಅವನ ಅಂಗಡಿಯಲ್ಲಿ ಬೆಳ್ಳಿಯ ಪದಕಗಳು ಸಿದ್ಧವಾಗಿದ್ದವು. ದಂಡಿನ ಬಿಳಿಯರು ಕಟ್ಟಿಕೊಂಡಿದ್ದ ಲಾಡ್ಜ್ ಎಂಬ ಸೋದರಕೂಟದವರು ಎದೆಗೆ ಸಿಕ್ಕಿಸಿಕೊಳ್ಳುತ್ತಿದ್ದಂಥವೇ ಬೇಕೆಂದು ಸಂಘದವರು ಹಟ ಹಿಡಿದು ಮಾಡಿಸಿದ್ದು. ಒಂದನ್ನೊಂದು ಹಿಡಿದ ಎರಡು ಕೈ, ಕೆಳಗೆ ಹೆಸರು. ಆ ಕೈಗಳ ಬೆರಳ ಸಂದಿ ಕೆತ್ತಲು ಉಳಿ ಆಡಿಸುವಾಗ ಮೋನಪ್ಪ ಉಸಿರು ಬಿಗಿಹಿಡಿದಿದ್ದ.

"ಯಾಕ್ರೀ? ಉಳಿದವಕ್ಕೆಲ್ಲ ಸೂಜಿ ಐತಲ್ರಿ?"

"ಅಧ್ಯಕ್ಷರು ಸ್ವಂತ ಕೈಲೆ ಎದಿಗೆ ಚುಚ್ಚಬೇಕಲ್ಲೋ. ಹುಲುಗಪ್ಪ ಹೊರಗೇರಿಯವ. ಕೊಂಡಿಗೆ ದಾರ ಪೋಣಿಸಿದ್ರ ಮ್ಯಾಲಿಂದ ಕೊರಳಿಗೆ ಬಿಟ್ರಾತು. ಮುಟ್ಟೋ ಪ್ರಸಂಗನ ಇಲ್ಲ."

ಮೋನಪ್ಪನ ಮೈ ಉರಿದುಹೋಯಿತು. ಹೋದ ಮಳೆಗಾಲ ತುಂಗಭದ್ರೆ ಉಕ್ಕಿದಾಗ, ಸಿರುಗುಪ್ಪದ ಕಡೆ ಕಾಳು ಹಂಚಲು ಹೋಗಿ ಹೊಳೆಯ ಪಾಲಾಗುತ್ತಿದ್ದವನು ಇದೇ ಹಂಪಯ್ಯ. ಹರಿಗೋಲಿನಿಂದ ಬಾಗಿ ರಟ್ಟೆ ಹಿಡಿದು ಎಳೆದುಕೊಂಡವನು ಹುಲುಗಪ್ಪ. ಪದಕ ಅದಕ್ಕೇ.

"ಇದರ ಮ್ಯಾಲೆ ಏನು ಕೆತ್ತಿಸೀರಿ, ಒಮ್ಮಿ ಕಣ್ಣು ತೆರದು ನೋಡ್ರಿ! ನನ್ನ ಕೈಲೆ ಈ ಸೂಜಿ ಕೀಳಂಗಿಲ್ಲ."

"ನೀ ಅಲ್ಲದಿದ್ರ ಮತ್ತೊಬ್ಬ" ಎಂದು ಹಂಪಯ್ಯ ಪದಕಗಳನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಎದ್ದುಹೋದ.

ಸಮಾರಂಭದ ದಿನ ಮನಸ್ಸು ತಡೆಯದೆ ಮೋನಪ್ಪ ಹೋಗಿ ಸಭೆಯ ಬಾಗಿಲಲ್ಲಿ ನಿಂತ. ಹುಲುಗಪ್ಪ ಮಡಿ ಮಾಡಿದ ಅಂಗಿ ತೊಟ್ಟು, ರುಮಾಲು ಸುತ್ತಿ, ಹೆಂಡತಿ ಸುಂಕಲಮ್ಮನೊಂದಿಗೆ ಬಂದಿದ್ದ. ಅಧ್ಯಕ್ಷರು ಒಬ್ಬೊಬ್ಬರ ಎದೆಗೂ ಪದಕ ಚುಚ್ಚಿ, "ಸೋದರಾ" ಎಂದು ಅಪ್ಪಿಕೊಂಡರು. ಹುಲುಗಪ್ಪನ ಸರದಿ ಬಂದಾಗ ಒಂದು ಹೆಜ್ಜೆ ಹಿಂದೆ ಸರಿದು, ಎರಡು ಬೆರಳಲ್ಲಿ ದಾರದ ತುದಿ ಹಿಡಿದು ಮೇಲಿಂದ ಬಿಟ್ಟರು. ದಾರ ರುಮಾಲಿಗೆ ಸಿಕ್ಕಿಕೊಂಡಿತು. ಅವರು ಕೈ ಚಾಚಲಿಲ್ಲ. ಹುಲುಗಪ್ಪನೇ ಬಿಡಿಸಿಕೊಂಡು ಕೊರಳಿಗೆ ಇಳಿಸಿಕೊಂಡ. ಜನ ಚಪ್ಪಾಳೆ ತಟ್ಟಿದರು.

ಅವನ ಮುಖ ತುಂಬ ನಗುವಿತ್ತು. ವೇದಿಕೆ ಇಳಿದು ಬರುವಾಗ ಉಳಿದವರ ಎದೆ ನೋಡಿದ, ತನ್ನದನ್ನು ತಿರುವಿ ನೋಡಿದ. ಬಾಗಿಲ ಬಳಿ ಮೋನಪ್ಪ ಕಂಡ.

"ಅಕ್ಕಸಾಲ್ಯಾರ, ನಂದರ ಸೂಜಿ ಮುರದೈತೇನ್ರಿ?"

"ಮುರದಿಲ್ಲಪ್ಪ!" ಮೋನಪ್ಪನ ದನಿ ಸಭೆಗೆಲ್ಲ ಕೇಳಿತು. "ನಾ ಹಚ್ಚಿದ್ದೆ. ನಿನ್ನ ಎದಿ ಮುಟ್ಟಬೇಕಾಗತೈತಂತ ಇವರು ಕೀಳಿಸ್ಯಾರ!"

ಚಪ್ಪಾಳೆ ನಿಂತಿತು. ಮೊದಲು ಎದ್ದವಳು ಸುಂಕಲಮ್ಮ. "ನಡೀರಿ, ಊರಿಗೆ ಹೋಗೂಣು" ಎಂದಳು. ಹುಲುಗಪ್ಪ ಪದಕ ತೆಗೆದ. ಎಸೆಯಲಿಲ್ಲ, ವೇದಿಕೆಯವರೆಗೆ ನಡೆದುಹೋಗಿ ಹಂಪಯ್ಯನ ಮುಂದಿದ್ದ ಮೇಜಿನ ಮೇಲೆ ಇಟ್ಟ.

"ಧಣೇರ, ಹೊಳಿಗೆ ಮತ್ತ ನೀರು ಬರತೈತಿ. ಈ ಸಲ ನೀವು ಬಿದ್ರ ನಾ ಕೈ ಕೊಡಂಗಿಲ್ಲ. ದಾರ ಬಿಡ್ತೀನಿ, ಹಿಡಕೊಳ್ರಿ."